ಹೊಗೆಯಿಲ್ಲದ ಸಿಗರೇಟು: ಗಂಟಲಿನ ಉರಿ ಮಾಯವಾದ ಬಗೆ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ನಮ್ಮಲ್ಲಿ ರೂಢಿಯ ಮಾತು. ಈ ಮಾತನ್ನು ಸುಳ್ಳಾಗಿಸಲು ಹೊರಟ ಮೊದಲಿಗರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಬರ್ಟ್ ಗಿಲ್ಬರ್ಟ್ ಒಬ್ಬರು. ತಂಬಾಕನ್ನು ಸುಡುವ ಬದಲು, ತೇವ ಹಾಗೂ ಸುವಾಸನೆ ತುಂಬಿದ ಗಾಳಿಯನ್ನು ಬೆಚ್ಚಗೆ ಮಾಡಿ ಸೇದುವ ಕೊಳವೆಯೊಂದಕ್ಕೆ ಅವರು 1963ರಲ್ಲಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. 1965ರಲ್ಲಿ ಅದು ದೊರೆಯಿತು. ಆ ಸಾಧನದಲ್ಲಿ ನಿಕೋಟಿನ್ ಇರಲೇ ಇಲ್ಲ. ಬಹುಶಃ ಅದೇ ಕಾರಣಕ್ಕೆ ಅದು ಮಾರುಕಟ್ಟೆಯನ್ನೂ ತಲುಪಲಿಲ್ಲ.

ಇ-ಸಿಗರೇಟಿನ ಚರಿತ್ರೆಯನ್ನು ಬ್ಯಾಟರಿ, ಬತ್ತಿ, ತಂತಿಗಳ ಸುಧಾರಣೆಯ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಸಾಧನದ ರೂಪ ಎಷ್ಟೇ ಬದಲಾದರೂ ತಯಾರಕರ ಮುಂದಿದ್ದ ಪ್ರಶ್ನೆ ಒಂದೇ ಆಗಿತ್ತು: ಸೇದುವವನ ಗಂಟಲು ಉರಿಯದಂತೆ ಸಾಕಷ್ಟು ನಿಕೋಟಿನನ್ನು ರಕ್ತಕ್ಕೆ ತಲುಪಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತ ದಿನವೇ ಹೊಸದೊಂದು ಸಮಸ್ಯೆಯೂ ಹುಟ್ಟಿತು.

ದೊಡ್ಡ ಕಂಪನಿಗಳೂ ಈ ಹಾದಿಯಲ್ಲಿ ಎಡವಿವೆ. ಆರ್.ಜೆ. ರೆನಾಲ್ಡ್ಸ್ ಸಂಸ್ಥೆ 1988ರಲ್ಲಿ 'ಪ್ರೀಮಿಯರ್' ಎಂಬ ಸಿಗರೇಟನ್ನು ಪ್ರಾಯೋಗಿಕವಾಗಿ ಮಾರಾಟಕ್ಕಿಟ್ಟಿತು. ಅದರ ತುದಿಯಲ್ಲಿದ್ದ ಇಂಗಾಲದ ತುಣುಕು ಕಾದು, ಒಳಗಿನ ಗ್ಲಿಸರಿನನ್ನು ಆವಿಯಾಗಿಸುತ್ತಿತ್ತು. ಹೊತ್ತಿಸುವುದು ಕಷ್ಟ, ವಾಸನೆ ಸಹಿಸಲಸಾಧ್ಯ ಎಂಬ ದೂರುಗಳ ನಡುವೆ 1989ರಲ್ಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಇಂದು ನಾವು ಕಾಣುವ ಇ-ಸಿಗರೇಟಿನ ಜನಕರೆಂದು ಹೆಸರಾದವರು ಚೀನಾದ ಶೆನ್ಯಾಂಗ್ ನಗರದ ಔಷಧತಜ್ಞ ಹಾನ್ ಲಿಕ್. ಸ್ವತಃ ವಿಪರೀತ ಧೂಮಪಾನಿಯಾಗಿದ್ದ ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗಿದ್ದರು. 2003ರಲ್ಲಿ ಅವರು ಪೇಟೆಂಟ್ ಕೋರಿದ ಸಾಧನದಲ್ಲಿ ಶ್ರವಣಾತೀತ ಕಂಪನದಿಂದ ನಿಕೋಟಿನ್ ದ್ರವವನ್ನು ಸೂಕ್ಷ್ಮ ಹನಿಗಳಾಗಿ ಒಡೆಯುವ ವ್ಯವಸ್ಥೆಯಿತ್ತು. ಬಾಯಿಂದ ಎಳೆದೊಡನೆ ಒಳಗಿನ ಸಂವೇದಕ ಎಚ್ಚರಗೊಂಡು ಬ್ಯಾಟರಿಯನ್ನು ಚಾಲೂ ಮಾಡುತ್ತಿತ್ತು. ತುದಿಯಲ್ಲಿ ಕೆಂಡದಂತೆ ಪುಟ್ಟ ದೀಪವೊಂದು ಬೆಳಗುತ್ತಿತ್ತು. 2004ರಲ್ಲಿ ಚೀನಾದಲ್ಲಿ ಮಾರಾಟ ಆರಂಭವಾಯಿತು. ವಿಚಿತ್ರವೆಂದರೆ, ಬಹಳ ವರ್ಷಗಳ ನಂತರವೂ ತಾವು ಸಿಗರೇಟನ್ನು ಪೂರ್ಣವಾಗಿ ಬಿಟ್ಟಿಲ್ಲವೆಂದು ಹಾನ್ ಒಪ್ಪಿಕೊಂಡಿದ್ದರು. 2013ರಲ್ಲಿ ಈ ಪೇಟೆಂಟುಗಳನ್ನು ಬ್ರಿಟನ್ನಿನ ಇಂಪೀರಿಯಲ್ ಟೊಬ್ಯಾಕೊ ಕಂಪನಿ 7.5 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಶ್ರವಣಾತೀತ ವ್ಯವಸ್ಥೆ ಹೆಚ್ಚು ಕಾಲ ಉಳಿಯಲಿಲ್ಲ. ಅದರ ಸ್ಥಾನಕ್ಕೆ ಕಾಯುವ ತಂತಿಯ ಸುರುಳಿ ಬಂದಿತು. ಬತ್ತಿಯು ಎಣ್ಣೆಯನ್ನು ಹೀರುವಂತೆಯೇ ಇಲ್ಲಿಯೂ ಬತ್ತಿ ದ್ರವವನ್ನು ಹೀರುತ್ತದೆ, ಸುರುಳಿ ಅದನ್ನು ಕಾಯಿಸುತ್ತದೆ. ಬಳಿಕ ದ್ರವದ ಡಬ್ಬಿಯನ್ನೂ ಸುರುಳಿಯನ್ನೂ ಒಂದುಗೂಡಿಸಿದ ಬಿಡಿಭಾಗಗಳು, ದ್ರವದ ಮಟ್ಟ ಕಾಣುವ ಪಾರದರ್ಶಕ ತೊಟ್ಟಿಗಳು ಬಂದವು. ಚಿಕ್ಕ ಬ್ಯಾಟರಿಯಿಂದ ತೃಪ್ತರಾಗದ ಹವ್ಯಾಸಿಗಳು ಟಾರ್ಚಿನ ಕೊಳವೆಯಂತಹ ಲೋಹದ ಕವಚಗಳಲ್ಲಿ ದೊಡ್ಡ ಬ್ಯಾಟರಿ ಜೋಡಿಸಿ ದಟ್ಟವಾದ ಆವಿ ಬಿಡತೊಡಗಿದರು. 2014ರಲ್ಲಿ 'ವೇಪ್' ಎಂಬುದನ್ನು ಆಕ್ಸ್‌ಫರ್ಡ್ ನಿಘಂಟು ವರ್ಷದ ಪದವಾಗಿ ಆರಿಸಿತು.

ಇಷ್ಟಾದರೂ ಮೂಲ ತೊಡಕು ಹಾಗೇ ಇತ್ತು. ಆಗ ಬಳಕೆಯಲ್ಲಿದ್ದ ನಿಕೋಟಿನ್ ಕ್ಷಾರಗುಣವುಳ್ಳದ್ದು. ಪ್ರಮಾಣ ಏರಿದಂತೆಲ್ಲ ಗಂಟಲನ್ನು ಕೆರೆಯುತ್ತಿತ್ತು. ಸಿಗರೇಟು ಬಿಡಬೇಕೆಂದವರು ಈ ಉರಿಯನ್ನು ಹೇಗೋ ಸಹಿಸಿಕೊಂಡರು. ಎಂದೂ ಸೇದದ ಹುಡುಗನೊಬ್ಬ ಕುತೂಹಲಕ್ಕೆ ಗಾಢವಾದ ದ್ರವವನ್ನು ಎಳೆದರೆ ಕೆಮ್ಮಿ ಕೆಳಗಿಡುವ ಸಂಭವವೇ ಹೆಚ್ಚಾಗಿತ್ತು. ಯಾರೂ ಉದ್ದೇಶಿಸಿ ಕಟ್ಟದಿದ್ದರೂ ಆ ಉರಿ ಒಂದು ಬೇಲಿಯಾಗಿತ್ತು.

ಆ ಬೇಲಿಯನ್ನು ಕಿತ್ತದ್ದು ಜೂಲ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ಕಲಿಯುತ್ತಿದ್ದ ಆಡಮ್ ಬೋವೆನ್ ಮತ್ತು ಜೇಮ್ಸ್ ಮಾನ್ಸೀಸ್, ಇಬ್ಬರೂ ಧೂಮಪಾನಿಗಳು, ಸಿಗರೇಟಿಗೆ ಬದಲಿ ಹುಡುಕುವುದನ್ನೇ ತಮ್ಮ ಅಧ್ಯಯನದ ವಿಷಯವಾಗಿಸಿಕೊಂಡಿದ್ದರು. ಅವರ ಕಂಪನಿ 2015ರಲ್ಲಿ ಬಿಡುಗಡೆ ಮಾಡಿದ ಸಾಧನ ನೋಡಲು ಕಂಪ್ಯೂಟರಿನ ಪೆನ್‌ಡ್ರೈವ್‌ನಂತಿತ್ತು. ಮಾಧ್ಯಮಗಳು ಈ ರೂಪದ ಬಗ್ಗೆಯೇ ಬಹಳ ಬರೆದವು. ನಿಜವಾದ ಆವಿಷ್ಕಾರವಿದ್ದುದು ಒಳಗಿನ ದ್ರವದಲ್ಲಿ. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲವನ್ನು ಸೇರಿಸಿ ಅದನ್ನು ಲವಣವಾಗಿ ಪರಿವರ್ತಿಸಲಾಗಿತ್ತು. (ನಮ್ಮ ಅಂಗಡಿಗಳ ಉಪ್ಪಿನಕಾಯಿ ಸೀಸೆಗಳ ಮೇಲೆ ಕಾಣುವ ಸೋಡಿಯಂ ಬೆಂಜೋಯೇಟ್ ಇದೇ ಆಮ್ಲದ ಸಂಬಂಧಿ.) ಕ್ಷಾರದ ತೀಕ್ಷ್ಣತೆ ತಗ್ಗಿತು, ಗಂಟಲು ತಕರಾರು ಮಾಡಲಿಲ್ಲ. ಪರಿಣಾಮವಾಗಿ ಒಂದು ಮಿಲಿಲೀಟರಿಗೆ ಸುಮಾರು 59 ಮಿಲಿಗ್ರಾಂ ನಿಕೋಟಿನ್ ತುಂಬುವುದು ಸಾಧ್ಯವಾಯಿತು. ಐರೋಪ್ಯ ಒಕ್ಕೂಟ ವಿಧಿಸಿರುವ ಮಿತಿ 20 ಮಿಲಿಗ್ರಾಂ ಮಾತ್ರ ಎಂಬುದನ್ನು ಇಲ್ಲಿ ನೆನೆಯಬೇಕು.

ಮಾವು, ಪುದೀನ ಮುಂತಾದ ರುಚಿಗಳು ಜೊತೆಗೂಡಿದ ಮೇಲೆ ಶಾಲೆಗಳ ಶೌಚಾಲಯಗಳವರೆಗೂ ಈ ಸಾಧನ ತಲುಪಿತು. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 2017ರಲ್ಲಿ ಪ್ರೌಢಶಾಲೆಯ ಶೇ. 11.7ರಷ್ಟು ವಿದ್ಯಾರ್ಥಿಗಳು ಇ-ಸಿಗರೇಟು ಬಳಸುತ್ತಿದ್ದರೆ, 2019ರಲ್ಲಿ ಆ ಪ್ರಮಾಣ ಶೇ. 27.5ಕ್ಕೆ ಏರಿತ್ತು. ಅದೇ ವರ್ಷ ಅಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಕಾಯಿಲೆಯಿಂದ 2020ರ ಫೆಬ್ರುವರಿ ವೇಳೆಗೆ 2,807 ಮಂದಿ ಆಸ್ಪತ್ರೆ ಸೇರಿ, 68 ಮಂದಿ ಮೃತಪಟ್ಟರು. ಇದನ್ನು ಸಾಮಾನ್ಯ ನಿಕೋಟಿನ್ ಸಾಧನಗಳ ತಲೆಗೆ ಕಟ್ಟುವುದು ಸರಿಯಲ್ಲ. ತನಿಖೆಯ ಬೆರಳು ಮುಖ್ಯವಾಗಿ ತೋರಿದ್ದು ಗಾಂಜಾ ಸತ್ವದ ದ್ರವಗಳಿಗೆ ಬೆರೆಸಲಾಗಿದ್ದ ವಿಟಮಿನ್ ಇ ಅಸಿಟೇಟ್ ಕಡೆಗೆ.

ಕಾನೂನು ಎಚ್ಚೆತ್ತಿತು, ಆದರೆ ಅರೆಮನಸ್ಸಿನಿಂದ. 2020ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಣ್ಣಿನ ರುಚಿಯ, ಬದಲಿಸಬಹುದಾದ ಡಬ್ಬಿಗಳ ವಿರುದ್ಧ ಕ್ರಮ ಘೋಷಿಸಿತು. ಒಮ್ಮೆ ಬಳಸಿ ಎಸೆಯುವ ಸಾಧನಗಳನ್ನು ಕೈಬಿಟ್ಟಿತು. ತಯಾರಕರಿಗೆ ಅಷ್ಟು ಸಾಕಾಯಿತು. ಬಣ್ಣಬಣ್ಣದ ಅಗ್ಗದ ಕಡ್ಡಿಗಳು ಮಾರುಕಟ್ಟೆಯನ್ನು ತುಂಬಿದವು. ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿಯನ್ನೇ ಅವುಗಳೊಳಗಿಟ್ಟು ಕಸಕ್ಕೆ ಎಸೆಯಲಾಗುತ್ತಿತ್ತು. ಬ್ರಿಟನ್ ಇವುಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಿತು.

ಹಾಗೆಂದು ಈ ಸಾಧನದಿಂದ ಯಾರಿಗೂ ಉಪಕಾರವಾಗಿಲ್ಲವೆನ್ನಲಾಗದು. ಸಿಗರೇಟು ಬಿಡಿಸುವಲ್ಲಿ ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್‌ಗಳಿಗಿಂತ ಇದು ಹೆಚ್ಚು ಫಲಕಾರಿ ಎಂಬುದನ್ನು ಕಾಕ್ರೇನ್ ಸಂಸ್ಥೆಯ ಪರಾಮರ್ಶೆಗಳು ತೋರಿಸಿವೆ. ಹೊಗೆಯಲ್ಲಿರುವ ಟಾರ್, ಕಾರ್ಬನ್ ಮೊನಾಕ್ಸೈಡ್‌ಗಳ ಕಾಟ ಇಲ್ಲಿ ಬಹುಮಟ್ಟಿಗೆ ಇಲ್ಲ. ಹಳೆಯ ಧೂಮಪಾನಿಗೆ ಊರುಗೋಲಾದ ಅದೇ ನುಣುಪು ಹದಿನೈದರ ಹರೆಯದವನಿಗೆ ಹೊಸ ಚಟವಾಗುತ್ತದೆ ಎಂಬುದೇ ತೊಡಕು.

ಭಾರತವು ಈ ತೂಗಾಟಕ್ಕೆ ಹೋಗಲಿಲ್ಲ. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಅದನ್ನು ಕಾಯಿದೆಯಾಗಿಸಿತು. ಉತ್ಪಾದನೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ; ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯಿದೆಯ ವ್ಯಾಖ್ಯಾನ ಗಮನಾರ್ಹವಾದುದು. ಹೆಸರು ಯಾವುದೇ ಇರಲಿ, ಆಕಾರ, ಗಾತ್ರ ಹೇಗೇ ಇರಲಿ, ನಿಕೋಟಿನ್ ಇರಲಿ ಬಿಡಲಿ, ವಸ್ತುವನ್ನು ಕಾಯಿಸಿ ಸೇದುವ ಆವಿ ಹುಟ್ಟಿಸುವ ವಿದ್ಯುತ್ ಸಾಧನವೆಲ್ಲ ಇದರ ಬಲೆಗೆ ಬೀಳುತ್ತದೆ. ಅಮೆರಿಕದಲ್ಲಿ ಉಳಿದ ಕಿಂಡಿ ಇಲ್ಲಿ ಕಾಗದದ ಮೇಲಂತೂ ಇಲ್ಲ. ಕಳ್ಳಸಾಗಣೆಯ ಸರಕು ನಗರಗಳಲ್ಲಿ ಆಗಾಗ ಸಿಕ್ಕಿಬೀಳುತ್ತಲೇ ಇದೆ. ಬೆಂಕಿ ಹಚ್ಚಿ ಸೇದುವ ಹಳೆಯ ಸಿಗರೇಟು, ಬೀಡಿಗಳಾದರೋ ಬೀದಿಯ ಮೂಲೆಯ ಗೂಡಂಗಡಿಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಬಿಡಿಬಿಡಿಯಾಗಿ ದೊರೆಯುತ್ತಿವೆ.