ನಿಮಗಿದು ಗೊತ್ತೇ? ಹುಂಜದ ಜುಟ್ಟಿನಿಂದ ಹಲ್ಲಿಯ ಜೊಲ್ಲಿನವರೆಗೆ!

ನಿಮ್ಮ ಮೈಯಲ್ಲಿ ಹರಿಯುತ್ತಿರುವ ರಕ್ತ ಸುಮಾರು 5 ಲೀಟರ್. ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆ ಎಷ್ಟಿರಬಹುದು, ಊಹಿಸಿ ನೋಡೋಣ. ಒಂದೇ ಒಂದು ಟೀ ಚಮಚ! ಬರೀ 4-5 ಗ್ರಾಂ. ಆರೋಗ್ಯವಾಗಿರುವವರು ಎರಡು ತುಂಡು ಮೈಸೂರು ಪಾಕ್ ಹೆಚ್ಚಿಗೆ ತಿಂದರೂ ಕೆಲವೇ ಗಂಟೆಗಳಲ್ಲಿ ಲೆಕ್ಕ ಮತ್ತೆ ಅದೇ ಚಮಚಕ್ಕೆ ಬಂದು ನಿಲ್ಲುತ್ತದೆ. ಸಕ್ಕರೆ ಏರಿದರೆ ಇನ್ಸುಲಿನ್ ಇಳಿಸುತ್ತದೆ. ಇಳಿದರೆ ಗ್ಲೂಕಗಾನ್ ಏರಿಸುತ್ತದೆ. ಈ ಎರಡು ಎದುರಾಳಿ ಹಾರ್ಮೋನುಗಳು ಹುಟ್ಟುವುದು ಎಲ್ಲಿ ಗೊತ್ತೇ? ಒಂದೇ ಮೇದೋಜೀರಕ ಗ್ರಂಥಿಯಲ್ಲಿ, ಅಕ್ಕಪಕ್ಕದ ಜೀವಕೋಶಗಳಲ್ಲಿ!

ಬೆವರಿಗೆ ನಾಳವಿದೆ, ಜೊಲ್ಲಿಗೆ ನಾಳವಿದೆ, ಕಣ್ಣೀರಿಗೂ ಇದೆ. ಹಾರ್ಮೋನಿಗೆ ಮಾತ್ರ ಇಲ್ಲ. ನಿರ್ನಾಳ ಗ್ರಂಥಿಗಳು ತಮ್ಮ ಸರಕನ್ನು ನೇರವಾಗಿ ರಕ್ತಕ್ಕೇ ಸುರಿದುಬಿಡುತ್ತವೆ. ಅದು ಮೈಯೆಲ್ಲ ಸುತ್ತುತ್ತದೆ. ಆದರೆ ಓಗೊಡುವುದು ಅದರ ಗುರುತು ಹಿಡಿಯಬಲ್ಲ ಜೀವಕೋಶಗಳು ಮಾತ್ರ. ಉಳಿದವುಗಳ ಪಕ್ಕದಲ್ಲೇ ಹಾದುಹೋದರೂ ಅವಕ್ಕೆ ಸುದ್ದಿಯೇ ಇಲ್ಲ!

ಹೃದಯ ಬರೀ ರಕ್ತ ತಳ್ಳುವ ಪಂಪು ಅಂದುಕೊಂಡಿದ್ದೀರಾ? ಅದೂ ಒಂದು ಗ್ರಂಥಿ! 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಗಳ ಹೃದಯದ ಮೇಲಿನ ಕೋಣೆಗಳನ್ನು ಅರೆದು, ರಸ ತೆಗೆದು, ಬೇರೆ ಇಲಿಗಳಿಗೆ ಚುಚ್ಚಿದರು. ಆ ಇಲಿಗಳು ಒಂದೇ ಸಮನೆ ಮೂತ್ರ ಮಾಡತೊಡಗಿದವು! ರಕ್ತ ಹೆಚ್ಚಾಗಿ ಹೃದಯದ ಗೋಡೆ ಹಿಗ್ಗಿದಾಗ ಅದು ಹಾರ್ಮೋನ್ ಬಿಟ್ಟು, ಉಪ್ಪು ನೀರು ಹೊರಗೆ ಹಾಕುವಂತೆ ಕಿಡ್ನಿಗೆ ತಿಳಿಸುತ್ತದೆಯಂತೆ.

ಹೊಟ್ಟೆಯೂ ಸುಮ್ಮನಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಬರುವುದು ಜಠರದಿಂದ. ಅದು ಸಿಕ್ಕಿದ್ದು 1999ರಲ್ಲಿ, ಜಪಾನಿನಲ್ಲಿ. 'ಸಾಕು, ಏಳು' ಎನ್ನುವ ಲೆಪ್ಟಿನ್ ಬರುವುದು ಎಲ್ಲಿಂದ? ನಾವು ದಿನವೂ ಬೈದುಕೊಳ್ಳುವ ಬೊಜ್ಜಿನಿಂದ!

ಸರಿ, ಹಾರ್ಮೋನುಗಳ ಕಥೆ ಶುರುವಾದದ್ದು ಎಲ್ಲಿ? ಕೋಳಿಗೂಡಿನಲ್ಲಿ! ಜರ್ಮನಿಯ ಗೋಟಿಂಗೆನ್‌ನಲ್ಲಿ ಅರ್ನಾಲ್ಡ್ ಬೆರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳ ಬೀಜ ತೆಗೆದರು. ಬೀಜ ಕಳೆದುಕೊಂಡ ಹುಂಜದ ಜುಟ್ಟು ಸೊರಗುತ್ತದೆ. ಅದು ಕೂಗುವುದಿಲ್ಲ, ಜಗಳಕ್ಕೆ ಹೋಗುವುದಿಲ್ಲ, ಹೇಂಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆಮೇಲೆ ಬೆರ್ಟೋಲ್ಡ್ ಕೆಲವು ಹುಂಜಗಳ ಹೊಟ್ಟೆಯೊಳಗೆ ಬೀಜವನ್ನು ಮತ್ತೆ ಇಟ್ಟು ಹೊಲಿದರು. ಜುಟ್ಟು ಕೆಂಪಾಯಿತು, ಕೂಗು ಮರಳಿತು, ಜಗಳವೂ ಮರಳಿತು! ಬೀಜ ಇದ್ದದ್ದು ತಪ್ಪು ಜಾಗದಲ್ಲಿ. ಹಳೆಯ ನರದ ಸಂಬಂಧವೂ ಕಡಿದುಹೋಗಿತ್ತು. ಆದರೆ ಸುತ್ತ ರಕ್ತನಾಳ ಬೆಳೆದುಕೊಂಡಿತ್ತು. ಅಂದರೆ ಸುದ್ದಿ ಹೋಗಿದ್ದು ರಕ್ತದಲ್ಲೇ! ಇದು ಅಚ್ಚಾದದ್ದು 1849ರಲ್ಲಿ. ಮುಂದಿನ ಅರ್ಧ ಶತಮಾನ ಹೆಚ್ಚಿನವರು ಇದಕ್ಕೆ ಕಿವಿಗೊಡಲೇ ಇಲ್ಲ.

ಕಿವಿಗೊಟ್ಟಿದ್ದು ಯಾವುದಕ್ಕೆ ಗೊತ್ತೇ? 1889ರಲ್ಲಿ ಪ್ಯಾರಿಸ್ಸಿನ 72 ವರ್ಷದ ಬ್ರೌನ್-ಸೆಕ್ವಾರ್ ಎಂಬ ದೊಡ್ಡ ವಿಜ್ಞಾನಿ ನಾಯಿ ಮತ್ತು ಗಿನಿಹಂದಿಯ ಬೀಜ ಅರೆದ ರಸವನ್ನು ತಮಗೇ ಚುಚ್ಚಿಕೊಂಡರು. ಯೌವನ ಮರಳಿತು ಎಂದು ಸಾರಿದರು. ಮೂತ್ರದ ಧಾರೆ ಮೊದಲಿಗಿಂತ ದೂರ ಚಿಮ್ಮುತ್ತಿದೆ ಎಂದು ಅಳತೆ ಸಮೇತ ವರದಿ ಕೊಟ್ಟರು! ಆ ನೀರಿನ ರಸದಲ್ಲಿ ಹಾರ್ಮೋನ್ ಇದ್ದದ್ದು ಇಲ್ಲವೆನ್ನುವಷ್ಟು. ಯೌವನವೆಲ್ಲ ಮನಸ್ಸಿನದೇ!

ಪಕ್ಕಾ ಸಾಕ್ಷಿ ಸಿಕ್ಕಿದ್ದು 1902ರಲ್ಲಿ, ಲಂಡನ್ನಿನಲ್ಲಿ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಒಂದು ನಾಯಿಯ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ನರವೇ ಇಲ್ಲ, ಆದರೂ ದೂರದ ಮೇದೋಜೀರಕ ಗ್ರಂಥಿ ರಸ ಸುರಿಸಿತು! ಕರುಳು ರಕ್ತಕ್ಕೆ ಬಿಟ್ಟ ಆ ವಸ್ತುವೇ ಸೆಕ್ರೆಟಿನ್. ಹಾರ್ಮೋನ್ ಎಂಬ ಹೆಸರು ಹುಟ್ಟಿದ್ದು ಇನ್ನೂ ಮೂರು ವರ್ಷದ ಮೇಲೆ, 1905ರಲ್ಲಿ. ಮಗು ಹುಟ್ಟಿ ಮೂರು ವರ್ಷಕ್ಕೆ ನಾಮಕರಣ!

ನಿಮ್ಮ ಥೈರಾಯ್ಡ್ ಬೆನ್ನಿಗೆ ಸಾಮಾನ್ಯವಾಗಿ ನಾಲ್ಕು ಪುಟಾಣಿ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದ ಕ್ಯಾಲ್ಸಿಯಂ ಲೆಕ್ಕ ಅವುಗಳ ಕೈಯಲ್ಲಿ. ಮನುಷ್ಯರಲ್ಲಿ ಅವನ್ನು ವಿವರವಾಗಿ ತೋರಿಸಿದ್ದು 1880ರಲ್ಲಿ, ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರಾಮ್. ಆದರೆ ಅದಕ್ಕೂ ಮೊದಲೇ ಅವು ಒಂದು ಪ್ರಾಣಿಯಲ್ಲಿ ಕಣ್ಣಿಗೆ ಬಿದ್ದಿದ್ದವು. ಯಾವುದರಲ್ಲಿ? ಲಂಡನ್ ಮೃಗಾಲಯದಲ್ಲಿ ಸತ್ತ ನಮ್ಮ ಭಾರತದ ಘೇಂಡಾಮೃಗದಲ್ಲಿ! ಅದನ್ನು ಕೊಯ್ದು ನೋಡಿದವರು ರಿಚರ್ಡ್ ಓವೆನ್. ಅಷ್ಟು ದೊಡ್ಡ ಮೃಗದಲ್ಲಿ ಅಷ್ಟು ಚಿಕ್ಕದನ್ನು ಹುಡುಕಿದ ಆ ಕಣ್ಣಿಗೆ ಏನನ್ನಬೇಕೋ!

ಮೆದುಳಿನ ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿ ಬಟಾಣಿ ಕಾಳಿನಷ್ಟು. ತೂಕ ಸುಮಾರು ಅರ್ಧ ಗ್ರಾಂ. ಅದು ಹದ ತಪ್ಪಿದರೆ? ಐರ್ಲೆಂಡಿನ ಚಾರ್ಲ್ಸ್ ಬರ್ನ್ ಏಳೂವರೆ ಅಡಿ ಮೀರಿ ಬೆಳೆದ! ತಾನು ಸತ್ತರೆ ದೇಹ ಕೊಯ್ಯುವವರ ಪಾಲಾಗದಂತೆ ಸಮುದ್ರಕ್ಕೆ ಹಾಕಿ ಎಂದು ಬೇಡಿಕೊಂಡಿದ್ದನಂತೆ ಪಾಪ. 1783ರಲ್ಲಿ ಸತ್ತ. ಶಸ್ತ್ರವೈದ್ಯ ಜಾನ್ ಹಂಟರ್ ದೇಹವನ್ನು ಹೇಗೋ ದಕ್ಕಿಸಿಕೊಂಡರು. ಅಸ್ಥಿಪಂಜರ ಲಂಡನ್ನಿನ ಮ್ಯೂಸಿಯಂ ಸೇರಿತು. 1909ರಲ್ಲಿ ಹಾರ್ವೆ ಕುಶಿಂಗ್ ಎಂಬ ವೈದ್ಯರು ಆ ತಲೆಬುರುಡೆ ತೆರೆಸಿ ನೋಡಿದರೆ, ಪಿಟ್ಯುಟರಿ ಕೂರುವ ಗುಳಿ ಹಿಗ್ಗಿ ದೊಡ್ಡದಾಗಿತ್ತು! ಇನ್ನೂ ಕೇಳಿ. 2011ರಲ್ಲಿ ಅವನ ಹಲ್ಲಿನಿಂದ ಡಿಎನ್‌ಎ ತೆಗೆದು ನೋಡಿದರು. ಅವನಲ್ಲಿದ್ದ ಜೀನ್ ದೋಷವೇ ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲಿ ಇವತ್ತಿಗೂ ಇದೆ! ಆ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆದದ್ದು ಮೊನ್ನೆ ಮೊನ್ನೆ, 2023ರಲ್ಲಿ. ತಡವಾಯಿತು ಅಂತಲೇ ನನ್ನ ಅನಿಸಿಕೆ.

ಈಗ ಸ್ವಲ್ಪ ಮೂಗು ಮುಚ್ಚಿಕೊಳ್ಳಿ. ಮುಂದೆ ಸ್ವಲ್ಪ ಹೊತ್ತು ಮೂತ್ರದ ಕಥೆ!

1931. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರಿಗೆ ಗಂಡಸರ ಹಾರ್ಮೋನ್ ಬೇಕಿತ್ತು. ಬರ್ಲಿನ್ನಿನ ಪೊಲೀಸರ ಮೂತ್ರ ಸಂಗ್ರಹಿಸಿದರು. ಎಷ್ಟು? ಸುಮಾರು 15,000 ಲೀಟರ್! ಅಷ್ಟನ್ನೂ ಕಾಯಿಸಿ, ಸೋಸಿ, ಶುದ್ಧ ಮಾಡಿದಾಗ ಸಿಕ್ಕ ಆಂಡ್ರೊಸ್ಟೆರಾನ್ ಎಷ್ಟು? 15 ಮಿಲಿಗ್ರಾಂ! ಲೀಟರಿಗೆ ಒಂದು ಮಿಲಿಗ್ರಾಮಿನ ಸಾವಿರದ ಒಂದು ಪಾಲು.

ನನಗಂತೂ ಪೊಲೀಸರಿಗಿಂತ ಸನ್ಯಾಸಿನಿಯರ ಕಥೆಯೇ ಇಷ್ಟ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ. ಪಿಟ್ಯುಟರಿ ಮಾತ್ರ 'ಏಳು, ಏಳು' ಎಂದು ಹಾರ್ಮೋನ್ ಸುರಿಸುತ್ತಲೇ ಇರುತ್ತದೆ. ಅದು ಮೂತ್ರದಲ್ಲಿ ಹೊರಬೀಳುತ್ತದೆ. ಅದನ್ನು ಹಿಡಿದರೆ ಮಕ್ಕಳಾಗದವರಿಗೆ ಮದ್ದು! ಆದರೆ ಒಂದೇ ಕಡೆ ಅಷ್ಟೊಂದು ವಯಸ್ಸಾದ ಹೆಂಗಸರು ಸಿಗಬೇಕಲ್ಲ? ಬಸುರಿಯರ ಮೂತ್ರ ಬೆರೆತರೂ ಕೆಲಸ ಕೆಟ್ಟೀತು. ಅದಕ್ಕೆ ಇಟಲಿಯ ಕಂಪನಿಯೊಂದು ಕಂಡುಕೊಂಡ ಜಾಗ ಕಾನ್ವೆಂಟುಗಳು! ಆ ಮದ್ದಿನಿಂದ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ. ಮದುವೆಯೇ ಬೇಡವೆಂದ ಅಜ್ಜಿಯರ ಕೃಪೆಯಿಂದ ಇನ್ನೊಬ್ಬರ ಮನೆಯಲ್ಲಿ ತೊಟ್ಟಿಲು ತೂಗಿತು!

ಬಸಿರು ಹೌದೋ ಅಲ್ಲವೋ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದುದು ಕಪ್ಪೆ! ಆಫ್ರಿಕಾದ ಒಂದು ಜಾತಿಯ ಹೆಣ್ಣು ಕಪ್ಪೆಗೆ ಹೆಂಗಸಿನ ಮೂತ್ರ ಚುಚ್ಚುತ್ತಿದ್ದರು. ಅವಳು ಬಸುರಿಯಾಗಿದ್ದರೆ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. 1930ರ ದಶಕದಿಂದ 60ರ ದಶಕದವರೆಗೂ ಇದೇ ಪರೀಕ್ಷೆ. ಈಗ ಮೆಡಿಕಲ್ ಶಾಪಿನ ಕಡ್ಡಿ ಹುಡುಕುವುದೂ ಅದೇ ಎಚ್‌ಸಿಜಿ ಹಾರ್ಮೋನನ್ನೇ. ಕಪ್ಪೆಗೂ ಮೊದಲು ಇದ್ದ ಇಲಿ ಪರೀಕ್ಷೆಯಲ್ಲಿ ಇಲಿ ಸಾಯಲೇಬೇಕಿತ್ತು. ಕಪ್ಪೆಗೆ ಮಾತ್ರ ಸ್ವಲ್ಪ ದಿನ ರಜೆ, ಮತ್ತೆ ಡ್ಯೂಟಿ!

ಮೂತ್ರದಲ್ಲಿ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಧಾರಾಳವಾಗಿ ಸುರಿಸುವ ಗಂಡು ಪ್ರಾಣಿ ಯಾವುದು? ಗಂಡು ಕುದುರೆ! 1934ರಲ್ಲಿ ಇದನ್ನು ಕಂಡು ಬರ್ನ್‌ಹಾರ್ಡ್ ಝೊಂಡೆಕ್ ತಾವೇ ಬೆರಗಾದರು. ಬೆರಗಾಗುವುದೇನು, ನಮ್ಮ ಮೈಯಲ್ಲೂ ಈಸ್ಟ್ರೋಜನ್ ತಯಾರಾಗುವುದು ಟೆಸ್ಟೋಸ್ಟೆರಾನ್ ಮತ್ತು ಅದರ ದಾಯಾದಿಗಳಿಂದಲೇ. ಇವೆಲ್ಲಕ್ಕೂ ಮೂಲ ಸರಕು? ನಾವು ಹೆದರುವ ಕೊಲೆಸ್ಟರಾಲ್!

ಗೊದಮೊಟ್ಟೆಗೆ ಥೈರಾಯ್ಡ್ ತಿನ್ನಿಸಿದರೆ ಏನಾಗುತ್ತದೆ? 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ತಿನ್ನಿಸಿಯೇ ನೋಡಿದರು. ಅವು ಬೆಳೆಯುವ ಮೊದಲೇ ಬಾಲ ಕಳಚಿ, ಕಾಲು ಮೂಡಿಸಿ, ನೊಣದ ಗಾತ್ರದ ಕಪ್ಪೆಗಳಾಗಿಬಿಟ್ಟವು!

ಥೈರಾಯ್ಡಿಗೆ ಬೇಕಾದ ಅಯೋಡಿನ್ ದಿನಕ್ಕೆ 150 ಮೈಕ್ರೊಗ್ರಾಂ. 70 ವರ್ಷದ ಬಾಳಿಗೆ ಗುಣಿಸಿ ನೋಡಿ. 4 ಗ್ರಾಮೂ ಆಗದು! ಅಷ್ಟು ಸಿಗದೆ ಹಿಮಾಲಯದ ತಪ್ಪಲಿನ ಊರೂರುಗಳಲ್ಲಿ ಕುತ್ತಿಗೆ ಊದಿಕೊಂಡು ಗಳಗಂಡವಾಗುತ್ತಿತ್ತು. 1950ರ ದಶಕದಲ್ಲಿ ವೈದ್ಯ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯನ್ನು ಮೂರು ಪಾಲು ಮಾಡಿದರು. ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು. ಅಯೋಡಿನ್ ತಿಂದ ಕಡೆ ಗಳಗಂಡ ಇಳಿಯುತ್ತಾ ಬಂತು! ನಿಮ್ಮ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟಿನ ಹಿಂದೆ ಆ ಕಣಿವೆಯ ಲೆಕ್ಕವಿದೆ.

ಇನ್ಸುಲಿನ್ ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಥೈರಾಕ್ಸಿನ್ ಅರ್ಧಕ್ಕಿಳಿಯಲು ಒಂದು ವಾರ ಬೇಕು!

ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್, ಎರಡೂ ಒಂಬತ್ತೊಂಬತ್ತು ಅಮೈನೊ ಆಮ್ಲಗಳ ಚಿಕ್ಕ ಸರ. ವ್ಯತ್ಯಾಸ ಎರಡೇ ಎರಡು ಮಣಿಗಳದ್ದು. ಒಂದು ಹೆರಿಗೆ ನೋವು ತರಿಸುತ್ತದೆ, ತಾಯಿಯ ಎದೆಹಾಲು ಇಳಿಸುತ್ತದೆ. ಮಗು ಅತ್ತ ಸದ್ದು ಕೇಳಿದರೂ ಸಾಕು, ಹಾಲು ತೊಟ್ಟಿಕ್ಕಬಹುದು! ಇನ್ನೊಂದು ಮೈಯ ನೀರು ಉಳಿಸುತ್ತದೆ. ಹೆಂಡ ಒಳಗೆ ಹೋದರೆ ಈ ಎರಡನೆಯದರ ಬಾಯಿ ಕಟ್ಟುತ್ತದೆ. ಕುಡಿದವರು ಮತ್ತೆ ಮತ್ತೆ ಗೋಡೆ ಹುಡುಕುವುದು ಅದಕ್ಕೇ!

ಸಕ್ಕರೆ ಕಾಯಿಲೆಯವರ ಮೂತ್ರಕ್ಕೆ ಇರುವೆ ಮುತ್ತುವುದು ನಮ್ಮ ಹಳೆಯ ವೈದ್ಯರಿಗೆ ಗೊತ್ತಿತ್ತು. ಮದ್ದು ಸಿಕ್ಕಿದ್ದು ಮಾತ್ರ ಟೊರಾಂಟೊದಲ್ಲಿ. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. ಕಂಡುಹಿಡಿದವರು ಪೇಟೆಂಟನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಮಾರಿದ್ದು ಎಷ್ಟಕ್ಕೆ ಗೊತ್ತೇ? ತಲಾ ಒಂದು ಡಾಲರಿಗೆ! ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14. ಅದಕ್ಕೇ ಅಂದು ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅಂದೇ ಮಕ್ಕಳ ದಿನಾಚರಣೆ, ಶಾಲೆಗಳಲ್ಲಿ ಮಿಠಾಯಿ ಹಂಚುವ ದಿನ!

ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಇರುವ ಅಂತರ ಎಷ್ಟು? 51 ಅಮೈನೊ ಆಮ್ಲಗಳಲ್ಲಿ ಒಂದೇ ಒಂದು! ದನದ್ದಕ್ಕೆ ಮೂರು. ದಶಕಗಳ ಕಾಲ ಲೋಕದ ರೋಗಿಗಳು ಬದುಕಿದ್ದು ಇವುಗಳಿಂದಲೇ. 1982ರಿಂದ ಮನುಷ್ಯರ ಇನ್ಸುಲಿನ್ ಪೇಟೆಗೆ ಬಂತು. ಅದನ್ನು ತಯಾರಿಸಿದ್ದು ಯಾರು? ಬ್ಯಾಕ್ಟೀರಿಯಾ!

ರಕ್ತದಲ್ಲಿ ಇಷ್ಟು ಸೂಕ್ಷ್ಮವಾದ ಹಾರ್ಮೋನನ್ನು ಅಳೆಯುವ ಉಪಾಯ ಹುಡುಕಿದವರು ರೊಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ಅದಕ್ಕೆ ದಾರಿ ಮಾಡಿದ ಅವರ ಲೇಖನವನ್ನು ಪತ್ರಿಕೆಗಳು ಮೊದಲು ವಾಪಸ್ ಕಳಿಸಿದ್ದವು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂತು. ನೊಬೆಲ್ ಉಪನ್ಯಾಸದಲ್ಲಿ ಅವರು ತೋರಿಸಿದ್ದೇನು? ಜೋಪಾನವಾಗಿ ಎತ್ತಿಟ್ಟಿದ್ದ ಆ ತಿರಸ್ಕಾರದ ಪತ್ರ!

ಅಮೆರಿಕ, ಮೆಕ್ಸಿಕೊಗಳ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿದೆ. ಜಾನ್ ಎಂಗ್ ಎಂಬ ವೈದ್ಯರು 1990ರ ದಶಕದ ಆರಂಭದಲ್ಲಿ ಅದರ ವಿಷದ ಜೊಲ್ಲಿನಲ್ಲಿ ಒಂದು ವಸ್ತು ಕಂಡರು. ಊಟವಾದ ಮೇಲೆ ನಮ್ಮ ಕರುಳು ಬಿಡುವ ಜಿಎಲ್‌ಪಿ-1 ಹಾರ್ಮೋನನ್ನು ಅದು ಬಹಳ ಹೋಲುತ್ತಿತ್ತು. ನಮ್ಮದು ಒಂದೆರಡು ನಿಮಿಷದಲ್ಲಿ ಒಡೆದುಹೋಗುತ್ತದೆ. ಹಲ್ಲಿಯದು ಗಂಟೆಗಟ್ಟಲೆ ಉಳಿಯುತ್ತದೆ! ಅದನ್ನೇ ನಕಲು ಮಾಡಿದ ಮದ್ದಿಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದುಗಳೂ ಇದೇ ಬಳಗದವು. ಅಂದಹಾಗೆ, ಆ ಹಲ್ಲಿ ಊಟ ಮಾಡುವುದು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ!