ನೀರಿನ ಸಭೆಯಲ್ಲಿ ಯಾರ ಮಾತು ನಡೆಯುತ್ತದೆ?

ಕೆರೆಗಳನ್ನು ಕಟ್ಟಿಸಿದ ಕೆಂಪೇಗೌಡರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ. ಅವರು ಕಟ್ಟಿದ ಬೆಂಗಳೂರಿನಲ್ಲಿ ಹುಟ್ಟುವ ವೃಷಭಾವತಿ ಇಂದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿಯನ್ನು ಕೂಡಿ ಕಾವೇರಿ ಸೇರುತ್ತದೆ.

ಇಂಥ ನೀರಿನ ವಿಚಾರವನ್ನು ಸರ್ಕಾರ, ಉದ್ಯಮ, ರೈತರು ಒಟ್ಟಿಗೆ ಕುಳಿತು ತೀರ್ಮಾನಿಸಬೇಕು ಎನ್ನುತ್ತೇವೆ. ಆದರೆ ಕುರ್ಚಿ ಸಿಕ್ಕ ಮಾತ್ರಕ್ಕೆ ಬಲ ಸಮವಾಗುವುದೇ? 1974ರ ಜಲ ಕಾಯ್ದೆಯನ್ನೇ ನೋಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೃಷಿ, ಮೀನುಗಾರಿಕೆ, ಉದ್ಯಮ, ವ್ಯಾಪಾರ ಎಲ್ಲಕ್ಕೂ ಸೇರಿ ಅದು ಇಟ್ಟದ್ದು ಹೆಚ್ಚೆಂದರೆ 3 ಅಧಿಕಾರೇತರ ಸ್ಥಾನ. ರೈತರಿಗೆ ಇಂತಿಷ್ಟು ಎಂಬ ಖಾತರಿ ಅದರಲ್ಲಿಲ್ಲ.

ಇನ್ನೊಂದು ಬಲ ಮಾಹಿತಿಯದು. ಉದ್ಯಮದ ಬಳಿ ಎಂಜಿನಿಯರು, ಪ್ರಯೋಗಾಲಯ, ವಕೀಲರು ಇರುತ್ತಾರೆ. ಕೆರೆಯ ಕೆಳಗಿನ ರೈತರು ನೊರೆಯನ್ನೂ ವಾಸನೆಯನ್ನೂ ಬಲ್ಲರು. ಕೊಳಕು ಎಷ್ಟು ಆಮ್ಲಜನಕವನ್ನು ನುಂಗುತ್ತಿದೆ, ಭಾರಲೋಹ ಎಷ್ಟಿದೆ ಎಂಬ ಅಂಕಿ ಅವರ ಕೈಯಲ್ಲಿರುವುದಿಲ್ಲ.

ಹಾಗೆಂದು ಉದ್ಯಮವನ್ನು ಹೊರಗಿಡಲಾಗದು. ತನ್ನ ತ್ಯಾಜ್ಯವನ್ನು ಶುದ್ಧೀಕರಿಸಬೇಕಾದುದು ಅದೇ. ಅಳತೆ ಮಾತ್ರ ಸ್ವತಂತ್ರವಾಗಿ ನಡೆಯಲಿ, ಫಲಿತಾಂಶ ಕನ್ನಡದಲ್ಲಿ ಗ್ರಾಮಸಭೆಗೆ ಬರಲಿ. ನಿಮ್ಮೂರಿನ ಸಭೆಯಲ್ಲಿ ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ನೀರನ್ನು ಪರೀಕ್ಷಿಸಿದವರು ಯಾರು?