ಕೆಟ್ಟಿದ್ದು ಕೇಬಲ್ ಅಲ್ಲ

ಬಾವೊಫೆಂಗ್ ಯುವಿ-5ಆರ್ ವಾಕಿಟಾಕಿ ಕೊಂಡ ಹೊಸ ಹ್ಯಾಮ್ ರೇಡಿಯೊ ಹವ್ಯಾಸಿಗಳದ್ದು ಒಂದೇ ದೂರು: "ಸರ್, ಪ್ರೋಗ್ರಾಮಿಂಗ್ ಕೇಬಲ್ ಕೆಟ್ಟಿದೆ. ಲೇಟೆಸ್ಟ್ ಡ್ರೈವರ್ ಹಾಕಿದ್ರೂ ಕೆಲಸ ಮಾಡ್ತಿಲ್ಲ." ಅಯ್ಯಾ, ಲೇಟೆಸ್ಟ್ ಡ್ರೈವರ್ ಹಾಕಿದ್ದಕ್ಕೇ ಅದು ಕೆಲಸ ಮಾಡುತ್ತಿಲ್ಲ!

ಕಂಪ್ಯೂಟರಿನಿಂದ ರೇಡಿಯೊಗೆ ಚಾನೆಲ್ ತುಂಬುವ ಆ ಕೇಬಲ್ ಬರೀ ತಂತಿಯಲ್ಲ. ಯುಎಸ್‌ಬಿ ತುದಿಯ ಪ್ಲಾಸ್ಟಿಕ್ಕಿನೊಳಗೆ ಒಂದು ಸೀರಿಯಲ್ ಚಿಪ್ ಇರುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಅದು ತೈವಾನಿನ ಪ್ರೊಲಿಫಿಕ್ ಕಂಪನಿಯ ಪಿಎಲ್2303, ಇಲ್ಲವೇ ಅದರ ನಕಲು. ನಕಲಿಗಳ ಕಾಟಕ್ಕೆ ಬೇಸತ್ತ ಕಂಪನಿ, ಅವನ್ನು ಹಿಡಿದು ನಿಲ್ಲಿಸುವ ಹಾಗೆ ತನ್ನ ಹೊಸ ವಿಂಡೋಸ್ ಡ್ರೈವರ್ ಬರೆಯಿತು. ಅದರ ಜೊತೆಗೆ ತನ್ನದೇ ಹಳೆಯ ಎಚ್‌ಎಕ್ಸ್‌ಎ ಚಿಪ್ಪನ್ನೂ ಕೈಬಿಟ್ಟಿತು. ಹಾಗಾಗಿಯೇ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 10. ಕೆಲವು ಆವೃತ್ತಿಗಳಂತೂ ಈ ಚಿಪ್ 2012ರಿಂದಲೇ ಬಳಕೆ ತಪ್ಪಿದೆ, ಮಾರಿದವರನ್ನು ಕೇಳಿ ಎಂದು ಬಾಯಿಬಿಟ್ಟೇ ಹೇಳುತ್ತವೆ. ಓದುವವರು ಯಾರು? ಇನ್ನೊಮ್ಮೆ ಅಪ್‌ಡೇಟ್ ಒತ್ತುತ್ತಾರೆ. ಅದೇ 'ಕೆಟ್ಟ' ಕೇಬಲನ್ನು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ, ಬಹುಪಾಲು ತಕರಾರಿಲ್ಲದೆ ನಡೆಯುತ್ತದೆ.

ವಿಂಡೋಸ್‌ನಲ್ಲಿ ಹಳೆಯ 3.2.0.0 ಡ್ರೈವರ್ ಹಾಕಿ, ಪಟ್ಟಿಯಿಂದ ಅದನ್ನೇ ಆರಿಸಿ. ವಿಂಡೋಸ್ ತಾನಾಗಿ ಮತ್ತೆ ಹೊಸದನ್ನು ತಂದು ಕೂರಿಸಿದರೆ ಮತ್ತೆ ಆರಿಸಿ. ಈ ತಾಪತ್ರಯವೇ ಬೇಡ ಎನ್ನುವವರು ಎಫ್‌ಟಿಡಿಐ ಕಂಪನಿಯ ಚಿಪ್ಪಿನ ಕೇಬಲ್ ಕೊಳ್ಳಲಿ. ಅದೂ ಅಸಲಿಯೇ ಆಗಿರಲಿ: 2014ರಲ್ಲಿ ಆ ಕಂಪನಿಯ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ, ಕಂಪ್ಯೂಟರಿಗೆ ಅವುಗಳ ಗುರುತೇ ಹತ್ತದಂತೆ ಮಾಡಿತ್ತು.

ಜನ ನಿರೀಕ್ಷಿಸುವ ಉಳಿದ ಪವಾಡಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಈ ಕೇಬಲ್‌ನಿಂದ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಚಾನೆಲ್ ತುಂಬುವ ಚರ್ಪ್ ತಂತ್ರಾಂಶದಲ್ಲಿ ಏನೇ ಒತ್ತಿದರೂ ರೇಡಿಯೊದ ಐದು ವಾಟ್ ಹತ್ತಾಗುವುದಿಲ್ಲ. ಯಾವುದೋ ಫ್ರೀಕ್ವೆನ್ಸಿ ಚಾನೆಲ್‌ನಲ್ಲಿ ಕೂತಿತು ಅಂದ ಮಾತ್ರಕ್ಕೆ ಅಲ್ಲಿ ಮಾತಾಡಲು ಪರವಾನಗಿ ಸಿಕ್ಕಂತಲ್ಲ. ಭಾರತದಲ್ಲಿ ಎರಡು ಮೀಟರ್ ಬ್ಯಾಂಡ್ ಎಂದರೆ 144ರಿಂದ 146 ಮೆಗಾಹರ್ಟ್ಸ್, ಅಷ್ಟೇ.

ನನ್ನ ಸಿಟ್ಟು ಕೇಬಲ್ ಮೇಲಲ್ಲ. ಪರೀಕ್ಷೆಗೆಂದು ಓಮನ ನಿಯಮ ಉರುಹೊಡೆದವರು, ಲೈಸೆನ್ಸ್ ಕೈಗೆ ಬಂದಮೇಲೆ ಯೂಟ್ಯೂಬ್‌ನಲ್ಲಿ ಯಾರೋ ಅಂದದ್ದನ್ನು ನಂಬುತ್ತಾರೆ. ಪರದೆಯ ಮೇಲೆ ಕಣ್ಣಿಗೆ ರಾಚುವ ಸಾಲನ್ನು ಮಾತ್ರ ನಂಬುವುದಿಲ್ಲ.

ಕೇಬಲ್ ಕಸಕ್ಕೆ ಹಾಕುವ ಮುಂಚೆ ರೇಡಿಯೊ ಕಡೆಯ ಪ್ಲಗ್ಗನ್ನೂ ಗಟ್ಟಿಯಾಗಿ ಒತ್ತಿ ನೋಡಿ, ಅದು ಅರ್ಧಕ್ಕೇ ನಿಂತಿರುವುದೂ ಉಂಟು. ಆಮೇಲೆ ಚರ್ಪ್‌ನಲ್ಲಿ ಮೊದಲು ರೇಡಿಯೊದಿಂದ ಡೌನ್‌ಲೋಡ್ ಮಾಡಿ, ಆ ಫೈಲನ್ನು ಬೇರೆಯಾಗಿ ಉಳಿಸಿಕೊಳ್ಳಿ. ಅದು ಕೈಸೇರುವ ತನಕ ಅಪ್‌ಲೋಡ್ ಗುಂಡಿಯ ತಂಟೆಗೆ ಹೋಗಬೇಡಿ.